ಒಗೆಯಬಾರದ ಕೋಟು

ಇಂದು ಕೋಥರೂಡ ಬಡಾವಣೆಯ ಮನೆಯಲ್ಲಿ ಮೊಮ್ಮಗಳು ನನ್ನ ಅಪ್ಪನ ಹಳೆಯ ಮೇಣದ ಕೋಟನ್ನು ವಾಷಿಂಗ್ ಮಷೀನಿಗೆ ಹಾಕಲು ಹೊರಟಳು. “ತಡಿ!” ಎಂದು ಕೂಗಿದೆ.

ದಮ್ಮಿನ ಕಾಯಿಲೆಯ ಅಪ್ಪ ಇದನ್ನು ತೊಟ್ಟು ಮಳೆಯಲ್ಲಿ ಸೈಕಲ್ ಮೇಲೆ ಕಾರ್ಖಾನೆಗೆ ಹೋಗುತ್ತಿದ್ದ. ನೀರು ಇಳಿಯದಂತೆ ಮೇಣ ಕಾಸಿ ಉಜ್ಜುತ್ತಿದ್ದ. ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದನೇ ಹೊರತು ಎಂದೂ ಒಗೆಯುತ್ತಿರಲಿಲ್ಲ.

ನಾನು ಚಿಕ್ಕವಳಿದ್ದಾಗ ಒಮ್ಮೆ, ಪಂಚಮಿ ಹಬ್ಬಕ್ಕೆಂದು ಮನೆಯ ಬಟ್ಟೆಯೆಲ್ಲ ಒಗೆಯುವ ದಿನ ಅದನ್ನೂ ಒಗೆಯುವ ಸೋಡಾ ಹಾಕಿದ ಬಿಸಿ ನೀರಿನಲ್ಲಿ ತಿಕ್ಕಿದೆ. ಮೇಣವೆಲ್ಲ ಮೇಲೆ ತೇಲಿತು. ಹೆದರಿ ಯಾರಿಗೂ ಹೇಳಲಿಲ್ಲ.

ಎರಡು ದಿನದ ಮೇಲೆ ಅಪ್ಪ ಅದನ್ನೇ ತೊಟ್ಟು ಜೋರು ಮಳೆಯಲ್ಲಿ ಹೊರಟ. ಅವನ ಉಸಿರೇ ನಿಂತೀತು ಎಂದುಕೊಳ್ಳುತ್ತ ಹೊಸ್ತಿಲಲ್ಲಿ ಕಾದೆ. ಸಂಜೆ ತೊಯ್ದು ತೊಪ್ಪೆಯಾಗಿ ಬಂದ.

“ಕೋಟಿಗೂ ಹಬ್ಬದ ಜಳಕಾ ಮಾಡಿಸಿದೇನು, ಮಗಳ? ಮೊದಲ ಎಣ್ಣಿ ಹಚ್ಚಬೇಕಲ್ಲ” ಎಂದು ನಕ್ಕ. ನಗುತ್ತಲೇ ಕೆಮ್ಮತೊಡಗಿದ. ಆ ಕೆಮ್ಮು ಮಳೆಗಾಲವೆಲ್ಲ ನಿಲ್ಲಲಿಲ್ಲ.

ಮೊಮ್ಮಗಳ ಕೈಯಿಂದ ಕೋಟು ಕಸಿದುಕೊಂಡೆ.

“ಯಾಕಜ್ಜಿ, ಒಗೀಬಾರದೇನ?”

“ಮೇಣದ ಡಬ್ಬಿ ತಾ” ಎಂದೆ.