ಇಲ್ಲೆ, ಇಲ್ಲೇ ಮತ್ತು ಭಾವನ ಪ್ರಾಣ

ಕಳೆದ ತಿಂಗಳು ನಮ್ಮ ಭಾವನ ಪ್ರಾಣ ಒಂದು ದೀರ್ಘಸ್ವರದ ಮೇಲೆ ನಿಂತಿತ್ತು. ಉತ್ಪ್ರೇಕ್ಷೆಯಲ್ಲ, ವ್ಯಾಕರಣ.

ಭಾವನಿಗೆ ಹುಟ್ಟಿನಿಂದ ಹಿಮೋಫಿಲಿಯಾ. ಗಾಯವಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ. (ಸಿದ್ದಾಪುರದ ಕ್ಷೌರಿಕರು ಅವನನ್ನು ಕಂಡರೆ ಎದ್ದು ನಮಸ್ಕರಿಸುತ್ತಾರೆ, ಕೂರಿಸುವುದಿಲ್ಲ.) ಇಂಥ ಮಹಾನುಭಾವ ಸ್ಕೂಟರಿನಿಂದ ಬಿದ್ದ. ಹ್ಯಾಂಡಲ್ ಹೊಟ್ಟೆಗೆ ಗುದ್ದಿತು. ಹೊರಗೆ ಒಂದು ಗೀರೂ ಇಲ್ಲ. ಒಳಗೆ ರಕ್ತನಾಳ ಸೋರುತ್ತಿತ್ತು. ಶಿರಸಿಯ ಡಾಕ್ಟರು ಸ್ಕ್ಯಾನ್ ನೋಡಿ, ರಕ್ತದ ಬಾಟಲಿ ಏರಿಸಿ, "ಹುಬ್ಬಳ್ಳಿಗೆ ಹೊರಡಿ" ಎಂದರು.

ಹುಬ್ಬಳ್ಳಿಯ ಡಾಕ್ಟರು ವಿವರಿಸಿದರು. ಹೊಟ್ಟೆ ಕೊಯ್ದರೆ ಅಪಾಯ ಹೆಚ್ಚು. ತೊಡೆಸಂದಿಯ ರಕ್ತನಾಳದಲ್ಲಿ ಸಣ್ಣ ನಳಿಕೆ ತೂರಿಸಿ, ಸೋರುವ ಜಾಗದವರೆಗೆ ಹೋಗಿ, ಒಳಗಿಂದಲೇ ಮುಚ್ಚುವುದು. ಆದರೆ ಮೊದಲು ರಕ್ತ ಹೆಪ್ಪುಗಟ್ಟಿಸುವ 'ಫ್ಯಾಕ್ಟರ್' ಇಂಜೆಕ್ಷನ್ ಆಗಲೇಬೇಕು. ಇಲ್ಲವಾದರೆ ಸೂಜಿ ಚುಚ್ಚಿದ ತೂತಿನಿಂದಲೂ ರಕ್ತ ನಿಲ್ಲುವುದಿಲ್ಲ.

ಅಷ್ಟರಲ್ಲಿ ಡ್ಯೂಟಿ ಬದಲಾಯಿತು. ಹೊಸ ಸಿಸ್ಟರ್ ನಮ್ಮಕ್ಕನನ್ನು ಕೇಳಿದರು, "ಫ್ಯಾಕ್ಟರ್ ಹಾಕ್ಯಾರೇನ್ರಿ?"

"ಇಲ್ಲೆ" ಎಂದಳು ಅಕ್ಕ.

ನಮ್ಮ ಮನೆಮಾತಿನಲ್ಲಿ 'ಇಲ್ಲೆ' ಎಂದರೆ ಇಲ್ಲ. ಹುಬ್ಬಳ್ಳಿಯ ಕಿವಿಗೆ ಅದು 'ಇಲ್ಲೇ, ಈ ಆಸ್ಪತ್ರೆಯಲ್ಲೇ'. ಸಿಸ್ಟರ್ ಚಾರ್ಟಿನಲ್ಲಿ ಶ್ರದ್ಧೆಯಿಂದ ಟಿಕ್ ಹಾಕಿದರು. ನಾನು ಪಕ್ಕದಲ್ಲೇ ಕುಳಿತಿದ್ದೆ. (ಕನ್ನಡ ಎಂ.ಎ.) ನನಗೂ ಹೊಳೆಯಲಿಲ್ಲ.

ಭಾವನನ್ನು ಒಳಗೆ ಒಯ್ದರು. ಎರಡೇ ನಿಮಿಷ. ಡಾಕ್ಟರು ಮಾಸ್ಕ್ ಕೆಳಗಿಳಿಸಿ ಬಾಗಿಲಿಗೆ ಬಂದರು. ಚಾರ್ಟಿನಲ್ಲಿ ಟಿಕ್ ಇತ್ತು, ಇಂಜೆಕ್ಷನ್ ಕೊಟ್ಟ ಟೈಮ್ ಬರೆದಿರಲಿಲ್ಲವಂತೆ.

"ಅಕ್ಕಾರ, ಫ್ಯಾಕ್ಟರ್ ಎಲ್ಲಿ ಹಾಕಿದ್ರು?"

"ಇಲ್ಲೆ."

"ಇಲ್ಲೇ ಅಂದ್ರ, ಯಾವ ರೂಮಿನ್ಯಾಗ?"

"ಯಾವ ರೂಮಲ್ಲೂ ಇಲ್ಲೆ."

ಡಾಕ್ಟರು ಒಳಗೆ ತಿರುಗಿದರು. "ಅಂದ್ರ ಹಾಕೇ ಇಲ್ಲ. ಸಿಸ್ಟರ್, ಫ್ಯಾಕ್ಟರ್ ತರ್ರಿ. ಅಲ್ಲೀತನಕ ಯಾರೂ ಸೂಜಿ ಮುಟ್ಟಬ್ಯಾಡ್ರಿ."

ಫ್ಯಾಕ್ಟರ್ ಹೋಯಿತು. ನಳಿಕೆ ಹೋಯಿತು. ಸೋರಿಕೆ ನಿಂತಿತು. ಮೂರನೇ ದಿನ ಭಾವ ತೊಡೆಯ ಪಟ್ಟಿ ತೋರಿಸಿ ದೂರಿದ: "ಹೊಟ್ಟೆ ಆಪರೇಶನ್ ಹೇಳಿ ಊರಿಗೆಲ್ಲ ಸುದ್ದಿ. ತೋರ್ಸಲೆ ಒಂದು ಹೊಲಿಗೆನೂ ಇಲ್ಲೆ ಮಾರಾಯಾ."

ಸೂಜಿ ತೂತಿನಿಂದ ಮನುಷ್ಯನನ್ನು ರಿಪೇರಿ ಮಾಡುವ ವಿದ್ಯೆಗೆ ನನ್ನ ಸಾಷ್ಟಾಂಗ ನಮಸ್ಕಾರ. ಅದಕ್ಕೆ ಕಾಲೇಜುಗಳಿವೆ, ಡಿಗ್ರಿಗಳಿವೆ. ಅಷ್ಟೆಲ್ಲ ಕಲಿತ ಮೇಲೂ ಬಾಗಿಲಿಗೆ ಬಂದು ರೋಗಿಯ ಹೆಂಡತಿಯನ್ನು ಇನ್ನೊಮ್ಮೆ ಕೇಳುವುದನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ?