ಇಪ್ಪತ್ನಾಲ್ಕು ಸೆಕೆಂಡು

ನೈರೋಬಿಯಲ್ಲಿ ನಮ್ಮ ಕಂಪನಿಗೊಂದು ಮಹಿಳಾ ಬಾಸ್ಕೆಟ್‌ಬಾಲ್ ತಂಡವಿತ್ತು. ಸಂಬಳ ಪಡೆದು ಲೀಗ್ ಆಡುವ ತಂಡ. ಮೈಸೂರಿನಲ್ಲಿ ಯೂನಿವರ್ಸಿಟಿಗೆ ಆಡಿದ್ದ ನಾನು, ಬೆಂಗಳೂರು ಆಫೀಸಿನಿಂದ ವರ್ಗವಾಗಿ ಹೋದ ವರ್ಷವೇ ಅದಕ್ಕೆ ಸೇರಿಕೊಂಡೆ. ನಾಯಕಿ ಅಲ್ಲಿಯವಳೇ. ಪ್ರಾಕ್ಟೀಸ್ ಮುಗಿಸಿ ಇಬ್ಬರೂ ಒಂದೇ ಮಟಾಟು ವ್ಯಾನ್ ಹತ್ತಿ, ನಮ್ಮಿಬ್ಬರ ಮನೆಯಿದ್ದ ಕಿಲೆಲೆಶ್ವಾಗೆ ಬರುತ್ತಿದ್ದೆವು.

ಪಕ್ಕದ ವೆಸ್ಟ್‌ಲ್ಯಾಂಡ್ಸ್ ಬಡಾವಣೆಯಲ್ಲಿ ಅವಳು ಆಡಿ ಬೆಳೆದ ಸಾರ್ವಜನಿಕ ಕೋರ್ಟ್ ಒಂದಿತ್ತು. ಚುನಾವಣೆ ಹತ್ತಿರವಿದ್ದ ವರ್ಷ, ರಾಜಕಾರಣಿಯೊಬ್ಬ ಮಾಲ್ ಕಟ್ಟಿಸಲು ಅದಕ್ಕೆ ಬೇಲಿ ಹಾಕಿಸಿದ. ನಾಯಕಿ ಬುಲ್ಡೋಜರಿಗೆ ಅಡ್ಡ ಕೂತಳು. ಮರುದಿನವೇ ಕಂಪನಿ ಅವಳನ್ನು ತಂಡದಿಂದ ತೆಗೆದುಹಾಕಿತು. ಮುಂದಿನ ಪಂದ್ಯಕ್ಕೆ ಮುಖ್ಯ ಅತಿಥಿ ಯಾರು? ಅದೇ ರಾಜಕಾರಣಿ! ನನಗೆ ಮೈಯೆಲ್ಲ ಉರಿದುಹೋಯಿತು.

ನಮ್ಮ ಮ್ಯಾನೇಜರ್ ಬಸವನಗುಡಿಯವರು. ನನ್ನ ಮುಖ ನೋಡಿಯೇ ಗೊತ್ತಾಯಿತೇನೋ, ಕರೆದು ಕೂರಿಸಿದರು.

“ನೋಡಮ್ಮಾ, ನಾವಿಲ್ಲಿ ಕೆಲ್ಸಕ್ಕೆ ಬಂದಿರೋರು. ಇವರ ಪಾಲಿಟಿಕ್ಸ್ ನಮಗ್ಯಾಕೆ? ನಿನ್ನ ವರ್ಕ್ ಪರ್ಮಿಟ್ ರಿನ್ಯೂವಲ್‌ಗೆ ನಾನೇ ಸೈನ್ ಹಾಕ್ಬೇಕು, ನೆನಪಿರ್ಲಿ.”

“ಹಾಕ್ಬೇಡಿ ಸರ್,” ಅಂದೆ.

ಹಾಗೆ ಅಂದೆನೇ ಹೊರತು, ಆ ಊರನ್ನೂ ಆ ಆಟವನ್ನೂ ಬಿಟ್ಟು ಬರಲು ನನಗೆ ಚೂರೂ ಮನಸ್ಸಿರಲಿಲ್ಲ.

ಬಾಸ್ಕೆಟ್‌ಬಾಲಿನಲ್ಲಿ ಚೆಂಡು ಸಿಕ್ಕ ತಂಡ ಇಪ್ಪತ್ನಾಲ್ಕು ಸೆಕೆಂಡಿನೊಳಗೆ ಬಾಸ್ಕೆಟ್‌ಗೆ ಎಸೆಯಬೇಕು. ಇಲ್ಲವಾದರೆ ಚೆಂಡು ಎದುರಾಳಿಗೆ. ಪಂದ್ಯದ ದಿನ ಮೊದಲ ಚೆಂಡು ನನ್ನ ಕೈಗೇ ಬಂತು. ಅರ್ಧ ಕೋರ್ಟ್ ದಾಟಿ, ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು, ಮುಖ್ಯ ಅತಿಥಿಯ ಎದುರಿಗೇ ನಿಂತುಬಿಟ್ಟೆ. ಮೊದಲೇ ಮಾತಾಡಿಕೊಂಡಂತೆ ನಮ್ಮ ಉಳಿದ ನಾಲ್ವರೂ ಅಲ್ಲಾಡಲಿಲ್ಲ. ನನ್ನ ಮೇಲೆ ಬೀಳಬೇಕಿದ್ದ ಎದುರಾಳಿ ಹುಡುಗಿ ತಬ್ಬಿಬ್ಬಾಗಿ ಎರಡು ಹೆಜ್ಜೆ ಹಿಂದೆ ಸರಿದಳು. ಕೋಚ್ ಕಿರುಚಿದ. ಮ್ಯಾನೇಜರ್ ಎದ್ದು ನಿಂತರು. ಟಿಕೆಟ್ ಕೊಂಡು ಮೇಲಿನ ಸಾಲಿನಲ್ಲಿ ಕೂತಿದ್ದ ನಾಯಕಿಯೂ ಎದ್ದು ನಿಂತಳು. ಅವಳನ್ನು ಗುರುತಿಸಿದ ಜನ ಕಾಲಿನಿಂದ ಬೆಂಚು ಕುಟ್ಟತೊಡಗಿದರು. ಅತಿಥಿ ಮಾತ್ರ ಫೋನ್ ನೋಡುತ್ತಿದ್ದ.

ಸೀಟಿ ಬಿತ್ತು. ಚೆಂಡು ಹೋಯಿತು.

ಪರ್ಮಿಟ್ಟೂ ಹೋಯಿತು. ಎರಡೇ ತಿಂಗಳಲ್ಲಿ ಬೆಂಗಳೂರಿಗೆ ವಾಪಸು ಕಳಿಸಿದರು. ಆ ಕೋರ್ಟನ್ನೂ ಉಳಿಸಲಾಗಲಿಲ್ಲ. “ಸುಮ್ನೆ ಆಡ್ಕೊಂಡು ಇದ್ದಿದ್ರೆ ಏನಾಗ್ತಿತ್ತು ನಿಂಗೆ?” ಎಂದು ಈಗಲೂ ಕೇಳುವವರಿದ್ದಾರೆ. ಸೀಟಿ ಬಿದ್ದ ಮೇಲೆ ಆದದ್ದನ್ನು ಅವರಿಗೆ ಹೇಳುತ್ತೇನೆ. ಎದುರಾಳಿ ಹುಡುಗಿ ಚೆಂಡು ತೆಗೆದುಕೊಂಡು ಅರ್ಧ ಕೋರ್ಟ್ ದಾಟಿದಳು. ಒಮ್ಮೆ ನನ್ನ ಮುಖ ನೋಡಿದಳು. ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು ಅವಳೂ ನಿಂತಳು.