ಹುಬ್ಬಳ್ಳಿಯ ಕೌಂಟರಿನ ಹಿಂದೆ ಉಡುಪಿಯವಳು

“ಅಕ್ಕಾರ, ಲಗೂ ಕೊಡ್ರಿ” ಎಂದರು ನನ್ನ ಮೊದಲ ಗಿರಾಕಿ. ಲಘು ಎಂದರೆ ಹಗುರ ಎಂದು ಶಾಲೆಯಲ್ಲಿ ಕಲಿತವಳು ನಾನು. ಮದ್ಯ ಕಡಿಮೆ ಮಾಡಿ, ಸೋಡಾ ಹೆಚ್ಚಿಸಿ, ನಿಂಬೆಸಿಪ್ಪೆಯನ್ನು ನಾಜೂಕಾಗಿ ಸುರುಳಿ ಸುತ್ತಿ, ಸಾವಕಾಶವಾಗಿ ಮುಂದಿಟ್ಟೆ. ಅವರು ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು. “ಲಗೂ ಅಂದ್ರ ಜಲ್ದಿ ಅಂತರಿ. ನೀವು ತಡಾನೂ ಮಾಡಿದ್ರಿ, ನೀರೂ ಹಾಕಿದ್ರಿ!”

ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಕಿವಿ ಬಿಸಿಯಾಗಿತ್ತು. ಬೇರೆ ರಾಜ್ಯಕ್ಕೆ ಹೋಗಿದ್ದರೆ ಭಾಷೆ ಬಾರದು ಎಂದು ಸಿದ್ಧಳಾಗಿಯೇ ಇರುತ್ತಿದ್ದೆ. ಇಲ್ಲಿ ಬರುತ್ತದೆ ಎಂದುಕೊಂಡ ಭಾಷೆಯೇ ಕೈಕೊಟ್ಟಿತ್ತು.

ಉಡುಪಿಯಲ್ಲಿ ಇದನ್ನು ಓದುತ್ತಿರುವ ನಿಮಗೆ ಗೊತ್ತೇ ಇದೆ, ನಮ್ಮ ಮನೆಮಾತು ತುಳು, ಕನ್ನಡ ಪುಸ್ತಕದಿಂದ ಬಂದದ್ದು. “ಪಾಠ ಓದಿದ್ಹಂಗ ಮಾತಾಡ್ತೀರಲ್ರಿ” ಎನ್ನುತ್ತಾರೆ ಇಲ್ಲಿಯವರು. ಹುಬ್ಬಳ್ಳಿಯಲ್ಲಿ ಹೊಸದಾಗಿ ತೆರೆದ ಗ್ಯಾಸ್ಟ್ರೋಪಬ್ಬಿನಲ್ಲಿ ಕಾಕ್‌ಟೇಲ್ ಬೆರೆಸುವುದು ನನ್ನ ಕೆಲಸ. ಗ್ಯಾಸ್ಟ್ರೋಪಬ್ ಎಂದರೆ ಕುಡಿಯುವುದಕ್ಕಿಂತ ಊಟಕ್ಕೇ ಹೆಚ್ಚು ಮುತುವರ್ಜಿ ತೋರುವ ಜಾಗ. ಪುಟ್ಟ ಜೋಳದ ರೊಟ್ಟಿಯ ಮೇಲೆ ಬದನೆಕಾಯಿಯ ಎಣ್ಣಿಗಾಯಿ ಇಟ್ಟು ಕೊಡುತ್ತಾರೆ. ಊರಿನಲ್ಲಿ ಊಟದ ಜೊತೆ ನಾವು ಕುಡಿಯುವ, ಇಲ್ಲಿಯವರು ಕೋಕಂ ಎನ್ನುವ ಪುನರ್ಪುಳಿಯ ಶರಬತ್ತಿಗೆ ನಾನಿಲ್ಲಿ ಹಸಿಮೆಣಸು, ಜಿನ್ ಸೇರಿಸುತ್ತೇನೆ. ಶನಿವಾರ ಸಂಜೆ ಕುರ್ಚಿಗಾಗಿ ಜನ ಬಾಗಿಲಲ್ಲೇ ಕಾಯುತ್ತಾರೆ.

ಕೆಲಸ ಸಿಕ್ಕಷ್ಟು ಸುಲಭವಾಗಿ ಮನೆ ಸಿಗಲಿಲ್ಲ. ಬಾಡಿಗೆ, ಅಡ್ವಾನ್ಸ್ ಎಲ್ಲ ಮಾತಾಡಿ ಮುಗಿಯುವ ಹೊತ್ತಿಗೆ “ಎಲ್ಲಿ ಕೆಲಸರಿ?” ಎಂಬ ಪ್ರಶ್ನೆ ಬರುತ್ತಿತ್ತು. ನಾನು ಹೇಳಿದ ಮೇಲೆ ಆ ಮನೆಗೆ ಯಾರೋ ಸಂಬಂಧಿಕರು ಬರುವವರಿರುತ್ತಿದ್ದರು. ಹುಬ್ಬಳ್ಳಿ ಮುಗಿದು ಧಾರವಾಡಕ್ಕೆ ಬಂದೆ. ಕೊನೆಗೆ ಕೆಲಗೇರಿಯಲ್ಲಿ ಸುಜಾತಾ ಅಕ್ಕೋರ ಬಾಗಿಲು ತಟ್ಟಿದೆ. ನಾವು ಟೀಚರ್ ಎನ್ನುವುದನ್ನು ಇಲ್ಲಿ ಅಕ್ಕೋರು ಎನ್ನುತ್ತಾರೆ. ನಿವೃತ್ತರಾಗಿದ್ದರೂ ಇಡೀ ಓಣಿಗೆ ಅವರು ಅಕ್ಕೋರೇ. ಬುದ್ಧನ ಚಿತ್ರದ ಕೆಳಗೆ ಕೂತು ನನ್ನ ಮಾತನ್ನೆಲ್ಲ ಕೇಳಿಸಿಕೊಂಡರು.

“ನನ್ನ ತಮ್ಮ ಕುಡದ ಕುಡದ ಸತ್ತ,” ಎಂದರು. ನಾನು ಚೀಲ ಎತ್ತಿಕೊಂಡೆ.

“ಕುಂದ್ರು. ಇದ್ದದ್ದ ಇದ್ದಂಗ ಹೇಳಿದಿ, ಅದು ಛಲೋ ಆತು. ಒಂದ್ ತಿಂಗಳ ಇರು. ನೀ ಏನ್ ಮಾಡ್ತಿ ಅಂತ ನಾನ ಬಂದ್ ನೋಡ್ತೇನಿ. ಆಮ್ಯಾಲ ಹೇಳ್ತೇನಿ.”

ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಬಂದರು. ಅದೂ ಶನಿವಾರ ಸಂಜೆ, ಧಾರವಾಡದಿಂದ ಬಸ್ಸು ಹತ್ತಿ, ಇಸ್ತ್ರಿ ಮಾಡಿದ ಖಾದಿ ಸೀರೆಯುಟ್ಟು. ಹಾಡಿನ ಅಬ್ಬರಕ್ಕೆ ಮುಖ ಕಿವುಚಿ, ಕೌಂಟರಿನ ಪಕ್ಕದ ಮೇಜಿನಲ್ಲಿ ಕೂತರು. ಎಣ್ಣಿಗಾಯಿ ರುಚಿ ನೋಡಿ “ಗುರೆಳ್ಳು ಕಡಿಮಿ ಬಿದ್ದೈತಿ” ಎಂದರು. ನಾನು ಬರೀ ಪುನರ್ಪುಳಿ ಶರಬತ್ತು ಮಾಡಿ ಒಯ್ದೆ.

“ಇದರಾಗ ಏನೂ ಇಲ್ಲಲಾ?”

“ಏನೂ ಇಲ್ಲರಿ.”

ಮೂಸಿ ನೋಡಿ ಕುಡಿದರು.

ಅಷ್ಟರಲ್ಲಿ ಹುಟ್ಟುಹಬ್ಬದ ಗುಂಪಿನಿಂದ ಒಬ್ಬ ಎದ್ದು ಬಂದು ಇನ್ನೊಂದು ಗ್ಲಾಸು ಕೇಳಿದ. ನಿಲ್ಲಲು ಕೌಂಟರು ಹಿಡಿದುಕೊಂಡಿದ್ದ, ಇನ್ನೊಂದು ಕೈಯಲ್ಲಿ ಬೈಕಿನ ಕೀಲಿ. ನಾನು ನೀರು ಮುಂದಿಟ್ಟೆ. “ಇವತ್ತಿಗೆ ಸಾಕು ಸರ್. ಊಟ ಮಾಡಿ.”

“ಸಾಕು ಅನ್ನಾಕ ನೀ ಯಾರು? ಹೊರಗಿಂದ ಬಂದಾಕಿ ನಮ್ಮೂರಾಗ ನನಗ ಹೇಳ್ತಿಯೇನ?” ಗ್ಲಾಸು ತಳ್ಳಿದ. ನೀರು ನನ್ನ ಮೈಮೇಲೆ ಚೆಲ್ಲಿತು.

ಉತ್ತರ ನಾಲಿಗೆಯವರೆಗೆ ಬಂತು, ಆದರೆ ತುಳುವಿನಲ್ಲಿ. ಅದನ್ನು ನುಂಗಿ ನಿಂತೆ. ಅಕ್ಕೋರು ನೋಡುತ್ತಿದ್ದಾರೆ, ಮನೆ ಇವತ್ತಿಗೆ ಮುಗಿಯಿತು ಎಂದುಕೊಂಡೆ.

ಕುರ್ಚಿ ಸರಿದ ಸದ್ದಾಯಿತು. “ಯಾರೋ ಹೊರಗಿನಾಕಿ?” ಅಕ್ಕೋರದು ಹಿಂದಿನ ಬೆಂಚಿಗೂ ಕೇಳಿಸುವ ದನಿ. “ಆಕಿ ನಮ್ಮ ಮನ್ಯಾಕಿ ಅದಾಳ. ಆ ಕೀಲಿ ನಿನ್ನ ಗೆಳ್ಯಾರ ಕಡೆ ಕೊಡು. ಹೋಗಿ ಉಣ್ಣು.”

ಗೆಳೆಯರು ಓಡಿಬಂದು, ದನಿಯಲ್ಲೇ ಟೀಚರ್ ಎಂದು ಗುರುತಿಸಿದವರಂತೆ, “ತಪ್ಪಾತ್ರಿ ಅಕ್ಕೋರ” ಎನ್ನುತ್ತ ಕೀಲಿ ತೆಗೆದುಕೊಂಡು ಅವನನ್ನು ಕರೆದೊಯ್ದರು. ಅಕ್ಕೋರು ಕೂತು ಉಳಿದ ರೊಟ್ಟಿ ತಿಂದು ಮುಗಿಸಿ ಬಸ್ಸಿಗೆ ಹೊರಟರು.

ಮರುದಿನ ಬೆಳಿಗ್ಗೆ ಚಹಾ ಸೋಸುತ್ತ, ನನ್ನ ಕಡೆ ತಿರುಗದೆ ಹೇಳಿದರು: “ನನ್ನ ತಮ್ಮಗ ಕುಡಿಯಾಕ ಕೊಟ್ಟಾವರು ಭಾಳ ಮಂದಿ. ಸಾಕು ಅಂದಾವರು ಒಬ್ರೂ ಇರಲಿಲ್ಲ.” ನನ್ನ ಕಪ್ಪು ಮುಂದೆ ಸರಿಸಿದರು. ತಿಂಗಳ ಮಾತು ಮತ್ತೆ ಬರಲಿಲ್ಲ.

ಈಗ ಖಾರ ಅಭ್ಯಾಸವಾಗಿದೆ, ಕುಚ್ಚಲಕ್ಕಿಯ ಆಸೆ ಮಾತ್ರ ಹೋಗಿಲ್ಲ. ಗಿರಾಕಿಗಳಿಗೆ ನನ್ನ ಹೆಸರು ಗೊತ್ತು, ಆದರೂ “ನಿಮ್ಮ ಕಡೆ ಮಳಿ ಹೆಂಗೈತ್ರಿ?” ಎಂದೇ ಕೇಳುತ್ತಾರೆ. ಅಂಥ ಮಳೆಯಲ್ಲೇ ಈ ಸಲ ಊರಿಗೆ ಬಂದಿದ್ದೆ. ಅಮ್ಮ ಬಂಗುಡೆ ಸಾರು ಬಡಿಸಿ, ಹೇಗಾಗಿದೆ ಎಂದು ತುಳುವಿನಲ್ಲಿ ಕೇಳಿದಳು. “ಭಾಳ ಛಲೋ ಆಗೇತಿ” ಎಂದುಬಿಟ್ಟೆ. ಅಮ್ಮ ಸೌಟು ಹಿಡಿದು ಒಂದು ಕ್ಷಣ ನನ್ನನ್ನೇ ನೋಡಿದಳು. ಆಮೇಲೆ, ಮನೆಗೆ ಬಂದ ನೆಂಟರಿಗೆ ಮಾಡುವಂತೆ, ಬೇಡ ಎಂದರೂ ಕೇಳದೆ ಇನ್ನೊಂದು ಮೀನು ಬಡಿಸಿದಳು.